ಪ್ರಯೋಗ ಮುಗಿದ ಮೇಲೆ ಬರುವವರಿಗೆ

ಪ್ರಾಜೆಕ್ಟ್ ವರದಿ ಸಲ್ಲಿಸುವ ದಿನ ಹತ್ತಿರವಾದಂತೆ ಮನಃಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ಎಕ್ಸೆಲ್ ಹಾಳೆ ಹಿಡಿದು ಸಂಖ್ಯಾಶಾಸ್ತ್ರ ಕಲಿಸುವ ನನ್ನಲ್ಲಿಗೆ ಬರುತ್ತಾರೆ. "ಸರ್, ಡೇಟಾ ಸಿಕ್ಕಿದೆ, ಯಾವ ಟೆಸ್ಟ್ ಹಾಕಲಿ?" ಎಂಬುದು ಬಹುತೇಕ ಎಲ್ಲರ ಪ್ರಶ್ನೆ; ಟೆಸ್ಟ್ ಅಂದರೆ ಇಲ್ಲಿ ಅಂಕಿಗಳ ಮೇಲೆ ಮಾಡುವ ಸಂಖ್ಯಾಶಾಸ್ತ್ರದ ಲೆಕ್ಕ. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕೇಳುವುದೆಂದರೆ ಶವಪರೀಕ್ಷೆ ಮಾಡಿಸಿದಂತೆ ಎಂದು ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1938ರಲ್ಲಿ ಹೇಳಿದ್ದರು. ಹೇಳಿದ್ದು ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಿ.

ಒಬ್ಬ ವಿದ್ಯಾರ್ಥಿನಿ ಪ್ರಾಣಾಯಾಮದಿಂದ ಏಕಾಗ್ರತೆ ಹೆಚ್ಚುವುದೇ ಎಂದು ಪರೀಕ್ಷಿಸಿದ್ದರು. ಯೋಗದ ಆಸಕ್ತಿಯಿಂದ ತಾವಾಗಿ ಮುಂದೆ ಬಂದ 15 ಮಂದಿಗೆ ಪ್ರಾಣಾಯಾಮ ಮಾಡಿಸಿ ಬೆಳಿಗ್ಗೆ, ಮಾಡದ ಉಳಿದ 15 ಮಂದಿಗೆ ಮಧ್ಯಾಹ್ನದ ಊಟವಾದ ಮೇಲೆ ಏಕಾಗ್ರತೆಯ ಪರೀಕ್ಷೆ ಕೊಟ್ಟಿದ್ದರು. ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಂಭವವನ್ನು ಹೇಳುವ ಪಿ ಮೌಲ್ಯ, ವ್ಯತ್ಯಾಸವಿದೆ ಎನ್ನಲು ರೂಢಿಯಲ್ಲಿರುವ ಗೆರೆಯಾದ 0.05ಕ್ಕಿಂತ ಕಡಿಮೆ ಬಂದಿತ್ತು. ಆದರೆ ಕಂಡ ವ್ಯತ್ಯಾಸ ಪ್ರಾಣಾಯಾಮದ್ದೋ, ಬೆಳಗಿನ ಹೊತ್ತಿನದೋ, ಊಟದ ನಂತರದ ತೂಕಡಿಕೆಯದೋ, ಮುಂದೆ ಬಂದವರ ಸ್ವಭಾವದ್ದೋ ಎಂಬುದನ್ನು ಯಾವ ಟೆಸ್ಟೂ ಬಿಡಿಸಿ ಹೇಳಲಾರದು. ಚೀಟಿ ಎತ್ತಿ ಗುಂಪು ಮಾಡಿ, ಎರಡೂ ಗುಂಪುಗಳಿಗೆ ಒಂದೇ ಹೊತ್ತು ನಿಗದಿಪಡಿಸಿ, ಎರಡನೆಯ ಗುಂಪನ್ನು ಅಷ್ಟೇ ಹೊತ್ತು ಸುಮ್ಮನೆ ಕೂರಿಸಿ, ಅಂಕ ಹಾಕುವವರಿಗೆ ಯಾರು ಯಾವ ಗುಂಪೆಂದು ತಿಳಿಸದೆ ಇದ್ದಿದ್ದರೆ ಎರಡು ಗುಂಪುಗಳ ಸರಾಸರಿಗಳನ್ನು ಹೋಲಿಸುವ ಸಾಧಾರಣ ಟಿ ಪರೀಕ್ಷೆಯೇ ಸಾಕಾಗುತ್ತಿತ್ತು.

15 ಏಕೆ ಎಂದು ಕೇಳಿದೆ. "ಸೀನಿಯರ್ಸ್ ಅಷ್ಟೇ ತಗೊಂಡಿದ್ರು ಸರ್" ಎಂದರು. ಇದು ನನಗೆ ಗುಂಪು ಮಾಡುವಲ್ಲಿನ ತಪ್ಪಿಗಿಂತ ಹೆಚ್ಚು ಕಳವಳಕಾರಿ. ಎರಡು ಗುಂಪುಗಳ ಸರಾಸರಿಗಳ ನಡುವೆ ನಿಜವಾಗಿಯೂ ಅರ್ಧ ಮಾನಕ ವಿಚಲನೆಯಷ್ಟು (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಅಂತರವಿದೆ ಎಂದಿಟ್ಟುಕೊಂಡರೆ, ಅದನ್ನು ಶೇ. 80ರಷ್ಟು ಸಲ ಪತ್ತೆಹಚ್ಚಲು ಗುಂಪಿಗೆ 64 ಮಂದಿ ಬೇಕು. 15 ಮಂದಿಯಾದರೆ ನಾಲ್ಕರಲ್ಲಿ ಒಂದು ಸಲ ಸಿಕ್ಕೀತು. ಸಿಕ್ಕಿದರೂ ಅದನ್ನು ನಂಬುವಂತಿಲ್ಲ, ಏಕೆಂದರೆ ಅಷ್ಟು ಚಿಕ್ಕ ಗುಂಪಿನಲ್ಲಿ 0.05ರ ಗೆರೆ ದಾಟಬೇಕಾದರೆ ಕಂಡ ಅಂತರ ಕನಿಷ್ಠ ಸುಮಾರು 0.75 ಮಾನಕ ವಿಚಲನೆ ಆಗಿರಲೇಬೇಕು, ಅಂದರೆ ನಿಜಕ್ಕಿಂತ ಕನಿಷ್ಠ ಒಂದೂವರೆ ಪಟ್ಟು ಉಬ್ಬಿದ ಫಲಿತಾಂಶವೇ ವರದಿಗೆ ಏರುತ್ತದೆ. 2015ರಲ್ಲಿ ಮನಃಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ನಡೆಸಿ ನೋಡಿದಾಗ, ಮೂಲದಲ್ಲಿ ಶೇ. 97ರಷ್ಟಿದ್ದ ಸಾರ್ಥಕ (0.05ರ ಗೆರೆ ದಾಟಿದ) ಫಲಿತಾಂಶಗಳು ಶೇ. 36ಕ್ಕೆ ಇಳಿದವು, ಪರಿಣಾಮದ ಗಾತ್ರ, ಅಂದರೆ ಕಂಡ ಪರಿಣಾಮ ಎಷ್ಟು ದೊಡ್ಡದು ಎಂಬ ಅಳತೆ, ಸರಾಸರಿ ಅರ್ಧಕ್ಕೆ ಕುಗ್ಗಿತು.

ಈಗ ನಾನು ಪಾಠವನ್ನು ಸೂತ್ರಗಳಿಂದ ಆರಂಭಿಸುವುದಿಲ್ಲ. ಯಾವ ವ್ಯತ್ಯಾಸವೂ ಇಲ್ಲದ ಎರಡು ಗುಂಪುಗಳ ಅಂಕಗಳನ್ನು ಕಂಪ್ಯೂಟರಿನಲ್ಲಿ ಸಾವಿರ ಸಲ ಸೃಷ್ಟಿಸಿ, ಪ್ರತಿ ಸಲವೂ ಟಿ ಪರೀಕ್ಷೆ ಮಾಡಿಸುತ್ತೇನೆ. ಸುಮಾರು 50 ಸಲ "ವ್ಯತ್ಯಾಸವಿದೆ" ಎಂದು ಬಂದಾಗ ತರಗತಿ ಗಪ್‌ಚಿಪ್ ಆಗುತ್ತದೆ. ಆಮೇಲೆ ಒಂದು ಕೆಲಸ ಕೊಡುತ್ತೇನೆ: ಫಲಿತಾಂಶದ ಕೋಷ್ಟಕವನ್ನು ಅಂಕಿಗಳಿಲ್ಲದೆ ಖಾಲಿ ಬರೆದು ತರಬೇಕು, ಯಾವ ಮನೆಯಲ್ಲಿ ಎಷ್ಟು ಬಂದರೆ ತಮ್ಮ ಊಹೆ ಬಿದ್ದುಹೋಗುತ್ತದೆಂದು ಕೆಳಗೆ ನಮೂದಿಸಿರಬೇಕು. ಅದಕ್ಕೆ ಸಹಿ ಹಾಕಿದ ನಂತರವೇ ಮೊದಲ ವ್ಯಕ್ತಿಯನ್ನು ಪರೀಕ್ಷೆಗೆ ಕೂರಿಸಲು ಅನುಮತಿ.