ಕಾರಿನಲ್ಲಿ ಹಾಡು ಸ್ಪಷ್ಟ, ಫೋನ್ ಮಾತು ಅಸ್ಪಷ್ಟ: ದೋಷ ಎಲ್ಲಿದೆ?

ಪ್ರಶ್ನೆ: ನಮ್ಮ ಮನೆ ಶಿರಸಿಯಲ್ಲಿ. ವಾರಕ್ಕೆರಡು ಸಲ ಕಾರಿನಲ್ಲಿ ಕುಮಟಾಕ್ಕೆ ಹೋಗಿ ಬರುತ್ತೇನೆ. ಫೋನನ್ನು ಬ್ಲೂಟೂತ್ ಮೂಲಕ ಕಾರಿಗೆ ಜೋಡಿಸಿದ್ದೇನೆ. ಹಾಡು ಬಹಳ ಚೆನ್ನಾಗಿ ಕೇಳುತ್ತದೆ. ಆದರೆ ಕರೆ ಬಂದರೆ ಆ ಕಡೆಯವರ ಮಾತು ನನಗೆ ಕೇಳಿಸಿದರೂ ನನ್ನ ಮಾತು ಅವರಿಗೆ ಅರ್ಧಂಬರ್ಧ ಮುಟ್ಟುತ್ತದೆ. ಮಳೆಗಾಲದಲ್ಲಂತೂ ‘ಏನೂ ಕೇಳ್ತಾ ಇಲ್ಲ’ ಎಂದು ಫೋನ್ ಇಟ್ಟುಬಿಡುತ್ತಾರೆ. ದೇವಿಮನೆ ಘಟ್ಟದಲ್ಲಿ ಕರೆಯೇ ಕಡಿದುಹೋಗುತ್ತದೆ, ಹಾಡು ಮಾತ್ರ ನಡೆದೇ ಇರುತ್ತದೆ. ಸಿಸ್ಟಂ ಬದಲಾಯಿಸಬೇಕೇ?

ಉತ್ತರ: ಹೊಸ ಸಿಸ್ಟಮ್ಮಿಗೆ ಈಗಲೇ ಹಣ ಹಾಕಬೇಡಿ. ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದರೊಳಗೊಂದು ಸೇರಿಕೊಂಡಿವೆ. ಇಂಥ ದೂರುಗಳಲ್ಲಿ ಡ್ಯಾಶ್‌ಬೋರ್ಡಿನ ಆ ದೊಡ್ಡ ಪರದೆ ಕೆಟ್ಟಿರುವುದು ಅಪರೂಪ.

ಕಾರಿನಲ್ಲಿ ಕುಳಿತು ಆಡಿದ ಮಾತು ಆ ಕಡೆಯವರ ಕಿವಿ ಮುಟ್ಟುವ ಮೊದಲು ಮೂರು ಹಾದಿಗಳನ್ನು ದಾಟಬೇಕು. ಮೊದಲನೆಯದು ನಿಮ್ಮ ಬಾಯಿಯಿಂದ ಕಾರಿನ ಮೈಕ್‌ವರೆಗೆ. ಎರಡನೆಯದು ಕಾರಿನ ಸ್ಟೀರಿಯೊದಿಂದ ಬ್ಲೂಟೂತ್ ಮೂಲಕ ನಿಮ್ಮ ಫೋನಿನವರೆಗೆ. ಮೂರನೆಯದು ಫೋನಿನಿಂದ ಮೊಬೈಲ್ ಟವರಿನವರೆಗೆ. ಫೋನಿನಲ್ಲೇ ಉಳಿಸಿದ ಹಾಡು ಕೇಳುವಾಗ ಇವುಗಳ ಪೈಕಿ ನಡುವಿನ ಹಾದಿ ಮಾತ್ರ, ಅದೂ ಫೋನಿನಿಂದ ಕಾರಿನ ಕಡೆಗೆ ಮಾತ್ರ ಬಳಕೆಯಾಗುತ್ತದೆ. ಮೈಕಿಗೆ ಅಲ್ಲಿ ಕೆಲಸವೇ ಇಲ್ಲ. ಆದ್ದರಿಂದ ಹಾಡು ಚೆನ್ನಾಗಿ ಬರುತ್ತದೆ ಎಂಬುದರಿಂದ ಕರೆಯ ವಿಷಯದಲ್ಲಿ ನಾವು ತಿಳಿಯಬಹುದಾದದ್ದು ತೀರಾ ಸ್ವಲ್ಪ: ಸ್ಪೀಕರುಗಳು ಸರಿಯಾಗಿವೆ, ಬ್ಲೂಟೂತ್ ಸಂಪರ್ಕ ಇದೆ, ಅಷ್ಟೇ.

ನಡುವಿನ ಹಾದಿಯೂ ಹಾಡಿಗೊಂದು ಬಗೆ, ಮಾತಿಗೊಂದು ಬಗೆ. ಬ್ಲೂಟೂತಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಪ್ರತ್ಯೇಕ ಕಟ್ಟಳೆ ಇದ್ದು ಅದನ್ನು ಪ್ರೊಫೈಲ್ ಎನ್ನುತ್ತಾರೆ. ಹಾಡಿಗೆ ಇರುವುದು ಎ2ಡಿಪಿ, ಕರೆಗೆ ಇರುವುದು ಎಚ್‌ಎಫ್‌ಪಿ, ಫೋನಿನಲ್ಲಿರುವ ಹೆಸರುಗಳ ಪಟ್ಟಿಯನ್ನು ಕಾರಿಗೆ ಕಳಿಸಲು ಇರುವುದು ಪಿಬಿಎಪಿ. ಹಾಡಿನ ಪ್ರೊಫೈಲ್ ಎಡ–ಬಲ ಎರಡೂ ಧ್ವನಿಗಳನ್ನು ಸೆಕೆಂಡಿಗೆ 44,100 ಮಾದರಿಗಳಂತೆ (ಸದ್ದನ್ನು ಒಂದೊಂದು ಸಲ ಅಳೆದು ಪಡೆದ ತುಣುಕೇ ಒಂದು ಮಾದರಿ) ಹೊತ್ತು ತರಬಲ್ಲದು. ಕರೆಯ ಪ್ರೊಫೈಲ್ ಹಳೆಯ ಸಿಸ್ಟಮ್ಮುಗಳಲ್ಲಿ 8,000 ಮಾದರಿಗಳಿಗೇ ನಿಲ್ಲುತ್ತದೆ, ಸ್ವಲ್ಪ ಹೊಸದಾಗಿದ್ದರೆ 16,000ಕ್ಕೆ ಏರುತ್ತದೆ. ಅದೇ ಸ್ಪೀಕರಿನಲ್ಲಿ ಭಜನೆಯ ತಾಳದ ಝೇಂಕಾರವೂ ಸ್ಪಷ್ಟವಾಗಿ ಕೇಳಿದ ಮರುಕ್ಷಣವೇ ಮನೆಯವರ ಮಾತು ಕೊಡದೊಳಗಿಂದ ಬಂದಂತೆ ಕೇಳಿಸುವುದು ಈ ಕಾರಣಕ್ಕೆ. ಅದು ದೋಷವಲ್ಲ, ಆ ಹಾದಿಯ ಅಗಲವೇ ಅಷ್ಟು.

ಮೊದಲು ಫೋನಿನ ಸೆಟ್ಟಿಂಗ್ಸಿನಲ್ಲಿ ಬ್ಲೂಟೂತ್ ತೆರೆದು ನಿಮ್ಮ ಕಾರಿನ ಹೆಸರಿನ ಪಕ್ಕದ ಗುರುತನ್ನು ಒತ್ತಿ. ಆಂಡ್ರಾಯ್ಡ್ ಫೋನುಗಳಲ್ಲಿ ಫೋನ್ ಕರೆ, ಮೀಡಿಯಾ ಆಡಿಯೊ, ಸಂಪರ್ಕಗಳು ಎಂಬ ಮೂರು ಸ್ವಿಚ್ಚುಗಳು ಅಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ಜೋಡಿಸುವಾಗ ಬರುವ ಪ್ರಶ್ನೆಗೆ ಅವಸರದಲ್ಲಿ ‘ಬೇಡ’ ಎಂದು ಒತ್ತಿದವರ ಫೋನಿನಲ್ಲಿ ಇವುಗಳಲ್ಲೊಂದು ಮುಚ್ಚಿಯೇ ಉಳಿದಿರುತ್ತದೆ. ಸಂಶಯವಿದ್ದರೆ ಫೋನಿನಿಂದ ಕಾರನ್ನೂ ಕಾರಿನಿಂದ ಫೋನನ್ನೂ, ಎರಡೂ ಕಡೆ, ಅಳಿಸಿಹಾಕಿ ಹೊಸದಾಗಿ ಜೋಡಿಸಿ. ಒಂದೇ ಕಡೆ ಅಳಿಸಿದರೆ ಇನ್ನೊಂದರಲ್ಲಿ ಹಳೆಯ ಗುರುತು ಉಳಿದು ಮತ್ತೆ ತಕರಾರು ತೆಗೆಯುತ್ತದೆ. ಕೆಲವರ ಕಾರಿನ ಪರದೆಯಲ್ಲಿ ಹೆಸರುಗಳ ಬದಲು ಬರೀ ಚೌಕಗಳು ಕಾಣುತ್ತವೆ. ಹೆಸರುಗಳನ್ನು ಕನ್ನಡದಲ್ಲಿ ಉಳಿಸಿಕೊಂಡಿದ್ದು, ಆ ಸ್ಟೀರಿಯೊದಲ್ಲಿ ಕನ್ನಡ ಲಿಪಿ ಇಲ್ಲದಿದ್ದರೆ ಹೀಗಾಗುತ್ತದೆ. ಕನ್ನಡದ ಹೆಸರುಗಳನ್ನು ಅದಕ್ಕಾಗಿ ಬದಲಾಯಿಸಬೇಕಿಲ್ಲ. ನಿಮ್ಮ ಕಾರಿನಲ್ಲಿ ಆಂಡ್ರಾಯ್ಡ್ ಆಟೊ ಸೌಲಭ್ಯ ಇದ್ದರೆ ಅದನ್ನು ಬಳಸಿ. ಅಲ್ಲಿ ಪರದೆಯ ಮೇಲಿನ ಚಿತ್ರವನ್ನು ಫೋನೇ ಸಿದ್ಧಪಡಿಸಿ ಕಳಿಸುವುದರಿಂದ ಫೋನಿಗೆ ಬರುವ ಕನ್ನಡ ಕಾರಿಗೂ ಬರುತ್ತದೆ. ಒಂದು ವಿಷಯ ನೆನಪಿರಲಿ: ಆಂಡ್ರಾಯ್ಡ್ ಆಟೊದಲ್ಲಿ ಕೇಬಲ್ ಹಾಕಿದ್ದರೂ ಕರೆ ಹೋಗುವುದು ಬ್ಲೂಟೂತಿನ ಮೂಲಕವೇ. ಕೇಬಲ್ ಬದಲಾಯಿಸಿ ಕರೆ ಸರಿಯಾಗಲಿಲ್ಲ ಎಂದು ಬೇಸರಪಡುವವರಿಗೆ ಇದು ತಿಳಿದಿರುವುದಿಲ್ಲ.

ಇನ್ನು ಮೊದಲ ಹಾದಿ. ನಿಮ್ಮ ದೂರಿನ ಮುಖ್ಯಭಾಗ ಇಲ್ಲಿದೆ ಎಂದು ನಾನು ನಂಬುತ್ತೇನೆ. ಅವರ ಮಾತು ನಿಮಗೆ ಕೇಳುತ್ತದೆ, ನಿಮ್ಮ ಮಾತು ಅವರಿಗೆ ಕೇಳುವುದಿಲ್ಲ ಎಂದಾದರೆ ಮೊದಲು ನೋಡಬೇಕಾದದ್ದು ಮೈಕನ್ನು. ಕಂಪನಿಯಿಂದಲೇ ಅಳವಡಿಸಿ ಬಂದ ಸಿಸ್ಟಮ್ಮಿನಲ್ಲಿ ಅದು ಸಾಮಾನ್ಯವಾಗಿ ಒಳಗಿನ ಕನ್ನಡಿಯ ಹತ್ತಿರ, ಮೇಲಿನ ದೀಪದ ಪಕ್ಕ, ಸಣ್ಣ ಸಣ್ಣ ತೂತುಗಳ ಹಿಂದೆ ಇರುತ್ತದೆ. ಆ ತೂತುಗಳ ಮೇಲೆ ದೇವರ ಸ್ಟಿಕರ್ ಅಂಟಿಸಿದವರಿದ್ದಾರೆ, ಕನ್ನಡಕದ ಕ್ಲಿಪ್ ಸಿಕ್ಕಿಸಿದವರಿದ್ದಾರೆ. ಹೊರಗೆ ಅಂಗಡಿಯಲ್ಲಿ ಹಾಕಿಸಿದ ಸ್ಟೀರಿಯೊ ಆದರೆ ಕಥೆ ಬೇರೆ. ಕಾರವಾರದಲ್ಲಿ ನನ್ನ ಸ್ನೇಹಿತರೊಬ್ಬರ ಕಾರಿನಲ್ಲಿ ನಿಮ್ಮದೇ ತೊಂದರೆ ಇತ್ತು. ಒಂದು ವರ್ಷ ಅವರು ಕಿರುಚಿಕೊಂಡೇ ಮಾತನಾಡಿದ್ದರು. ಸ್ಟೀರಿಯೊವನ್ನು ಸ್ವಲ್ಪ ಹೊರಗೆಳೆದು ನೋಡಿದಾಗ, ಹುಣಸೆ ಬೀಜದಷ್ಟು ದೊಡ್ಡದಾದ ಹೊರ ಮೈಕೊಂದು ಮೂರು ಮೀಟರ್ ತೆಳು ವೈರಿನ ಸುರುಳಿಯ ಜೊತೆಗೆ, ಪೊಟ್ಟಣದಿಂದ ಬಂದಾಗ ಕಟ್ಟಿದ್ದ ತಂತಿಯನ್ನೂ ಬಿಚ್ಚದೆ, ಹಿಂದುಗಡೆ ತುರುಕಿದಂತೆಯೇ ಇತ್ತು. ಮೈಕ್ ಅಲ್ಲೇ, ಕತ್ತಲೆಯಲ್ಲಿ, ಎಸಿಯ ಗಾಳಿಕೊಳವೆಯ ಬೆನ್ನಿಗೆ ತಾಗಿಕೊಂಡಿತ್ತು. ವೈರನ್ನು ಬಾಗಿಲಿನ ರಬ್ಬರಿನ ಒಳಗಿನಿಂದ ಮೇಲಕ್ಕೆ ಒಯ್ದು, ಚಾಲಕರ ಬದಿಯ ಬಿಸಿಲುಪಟ್ಟಿಯ ಅಂಚಿಗೆ ಮೈಕ್ ಸಿಕ್ಕಿಸಿದೆವು. ಅರ್ಧ ತಾಸಿನ ಕೆಲಸ. ಅಂದು ಸಂಜೆ ಅವರ ತಾಯಿ ಫೋನಿನಲ್ಲಿ, ‘ಯಾಕೋ ಇವತ್ತು ನಿಧಾನ ಮಾತಾಡ್ತಾ ಇದ್ದೀಯ, ಆರಾಮಿಲ್ವಾ?’ ಎಂದು ಕೇಳಿದರು.

ಮೈಕ್ ಸರಿಯಾದ ಜಾಗದಲ್ಲಿದ್ದರೂ ನಮ್ಮ ಜಿಲ್ಲೆಯ ಮಳೆಗಾಲ ಅದಕ್ಕೆ ಕಠಿಣ ಪರೀಕ್ಷೆ. ಹ್ಯಾಂಡ್ಸ್‌ಫ್ರೀ ಸಿಸ್ಟಂ ಒಂದೇ ಸಮನೆ ಬರುವ ಸದ್ದನ್ನು, ಎಂಜಿನ್ನಿನ ಗುಂಯ್‌ಗುಡುವಿಕೆಯನ್ನು, ಚಕ್ರದ ಸದ್ದನ್ನು, ಗುರುತಿಸಿ ಕಳೆಯುತ್ತದೆ. ಆದರೆ ಆಷಾಢದ ಮಳೆ ಒಂದೇ ಸಮನೆ ಬರುವುದಿಲ್ಲ. ಬೀಸಿ ಬೀಸಿ ಬಂದು ತಗಡಿಗೆ ಬಡಿಯುತ್ತದೆ, ಮರದ ಕೆಳಗೆ ಹೋದಾಗ ದಪ್ಪ ಹನಿ ಬೀಳುತ್ತದೆ, ವೈಪರ್ ನಡುನಡುವೆ ಕಿರುಗುಟ್ಟುತ್ತದೆ. ಯಾವುದು ಸದ್ದು, ಯಾವುದು ಮಾತು ಎಂದು ಬೇರ್ಪಡಿಸಲಾರದೆ ಆ ಸಿಸ್ಟಂ ಸದ್ದಿನ ಜೊತೆಗೆ ನಿಮ್ಮ ಮಾತಿನ ತುಂಡುಗಳನ್ನೂ ಕತ್ತರಿಸಿ ಬಿಡುತ್ತದೆ. ಆ ಕಡೆಯವರಿಗೆ ಅರ್ಧಂಬರ್ಧ ಕೇಳುವುದು ಇದೇ.

ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ, ಬಹಳ ಮಂದಿ ಅದನ್ನು ಗಮನಿಸುವುದೇ ಇಲ್ಲ. ಮಳೆಯಲ್ಲಿ ಮುಂದಿನ ಗಾಜಿಗೆ ಮಂಜು ಹಿಡಿದಾಗ ಫ್ಯಾನನ್ನು ಗಾಜಿನ ಕಡೆಗೆ ತಿರುಗಿಸಿ ಜೋರು ಮಾಡುತ್ತೇವೆ. ಆ ಗಾಳಿ ಗಾಜಿಗೆ ತಾಗಿ ಮೇಲೇರಿ, ನೇರವಾಗಿ ಕನ್ನಡಿಯ ಬಳಿ ಇರುವ ಮೈಕಿನ ತೂತುಗಳಿಗೆ ಹೊಡೆಯುತ್ತದೆ. ಮೈಕಿಗೆ ಅದು ಬಿರುಗಾಳಿ. ಗಾಜು ಒಮ್ಮೆ ತಿಳಿಯಾದ ಮೇಲೆ ಎಸಿ ಚಾಲೂ ಇಟ್ಟು ಫ್ಯಾನಿನ ವೇಗವನ್ನು ಒಂದೆರಡು ಹಂತ ಇಳಿಸಿದರೆ ಗಾಜೂ ತಿಳಿಯಾಗಿಯೇ ಉಳಿಯುತ್ತದೆ, ಮಾತೂ ಮುಟ್ಟುತ್ತದೆ. ಗಾಜು ಮತ್ತೆ ಮಸುಕಾಗುತ್ತಿದ್ದರೆ ಮಾತ್ರ ಕರೆಯನ್ನೇ ನಿಲ್ಲಿಸಿ. ಆಗ ಕರೆಗಾಗಿ ಫ್ಯಾನ್ ಇಳಿಸಬೇಡಿ. ಆ ಕಡೆಯವರಿಗೆ ಅವರದೇ ಧ್ವನಿ ಮಾರ್ದನಿಯಾಗಿ ಕೇಳಿಸುತ್ತಿದ್ದರೆ, ಸ್ಪೀಕರಿನ ಸದ್ದು ಮೈಕಿಗೆ ಮರಳಿ ಹೋಗುತ್ತಿದೆ ಎಂದು ಅರ್ಥ. ಕರೆಯ ವಾಲ್ಯೂಮ್ ತಗ್ಗಿಸಬೇಕು. ಹೆಚ್ಚಿನ ಕಾರುಗಳಲ್ಲಿ ಹಾಡಿನ ವಾಲ್ಯೂಮ್ ಬೇರೆ, ಕರೆಯ ವಾಲ್ಯೂಮ್ ಬೇರೆ, ಎರಡನೆಯದನ್ನು ಕರೆ ನಡೆಯುತ್ತಿರುವಾಗ ಮಾತ್ರ ಬದಲಾಯಿಸಲು ಸಾಧ್ಯ.

ಘಟ್ಟದ ತೊಂದರೆ ಇದಾವುದೂ ಅಲ್ಲ, ಅದು ಮೂರನೆಯ ಹಾದಿಯದು. ರಾಗಿಹೊಸಳ್ಳಿ ದಾಟಿ ಇಳಿಜಾರು ಶುರುವಾದ ಮೇಲೆ ಒಂದೊಂದು ತಿರುವಿಗೂ ಒಂದೊಂದು ಗುಡ್ಡ ಟವರಿಗೂ ನಿಮಗೂ ನಡುವೆ ಬಂದು ನಿಲ್ಲುತ್ತದೆ. ನಿಮ್ಮ ಫೋನು ಕಾರಿನ ಸ್ಟೀರಿಯೊದಿಂದ ಇರುವುದು ಒಂದು ಮೊಳ ದೂರದಲ್ಲಿ. ಆ ಬ್ಲೂಟೂತ್ ಸಂಪರ್ಕಕ್ಕೆ ಗುಡ್ಡ ಏನೂ ಮಾಡಲಾರದು. ಕಡಿಯುವುದು ಟವರಿನ ಸಂಪರ್ಕ. ಹಾಗಾದರೆ ಹಾಡು ಯಾಕೆ ನಿಲ್ಲುವುದಿಲ್ಲ? ಹಾಡು ಫೋನಿನಲ್ಲೇ ಉಳಿಸಿದ್ದಾದರೆ ಅದಕ್ಕೆ ಟವರ್ ಬೇಡವೇ ಬೇಡ. ಇಂಟರ್‌ನೆಟ್ಟಿನಿಂದ ಬರುವ ಹಾಡಾದರೂ ಆ್ಯಪ್ ಮುಂದಿನ ಭಾಗವನ್ನು ಮೊದಲೇ ಇಳಿಸಿಟ್ಟುಕೊಂಡಿರುವುದರಿಂದ ಸಿಗ್ನಲ್ ಹೋದ ಮೇಲೂ ಸ್ವಲ್ಪ ಹೊತ್ತು ಸರಾಗವಾಗಿ ನಡೆಯುತ್ತದೆ. ಮಾತನ್ನು ಹಾಗೆ ಮೊದಲೇ ತಂದಿಟ್ಟುಕೊಳ್ಳಲು ಬರುವುದಿಲ್ಲ. ಪರದೆಯ ಮೂಲೆಯಲ್ಲಿ ಕಾಣುವ ಸಿಗ್ನಲ್ ಕಡ್ಡಿಗಳು ಕಾರಿನವಲ್ಲ, ಫೋನು ಬ್ಲೂಟೂತಿನ ಮೂಲಕ ತಿಳಿಸಿದ ತನ್ನ ಸ್ಥಿತಿ. ಅವು ಇಳಿದಿದ್ದರೆ ಯಾವ ಸ್ಟೀರಿಯೊ ಹಾಕಿದರೂ ಫಲವಿಲ್ಲ. ಫೋನನ್ನು ಗೇರಿನ ಬಳಿಯ ಗುಳಿಯಲ್ಲೋ ಎದುರಿನ ಮುಚ್ಚುಪೆಟ್ಟಿಗೆಯಲ್ಲೋ ಹಾಕಿಡುವ ಬದಲು ಗಾಜಿನ ಹತ್ತಿರ, ನಿಮ್ಮ ನೋಟಕ್ಕೆ ಅಡ್ಡವಾಗದಂತೆ, ಸ್ಟ್ಯಾಂಡಿನಲ್ಲಿ ಇಟ್ಟರೆ ಸ್ವಲ್ಪ ಅನುಕೂಲವಾಗುತ್ತದೆ, ಏಕೆಂದರೆ ಕಾರಿನ ಲೋಹದ ಮೈ ಸಿಗ್ನಲ್ಲನ್ನು ತಗ್ಗಿಸುತ್ತದೆ. ಕಾರವಾರ ಮತ್ತು ಬಿಣಗಾ ನಡುವಿನ ಹೆದ್ದಾರಿ ಸುರಂಗದಲ್ಲಿ ಆಗುವುದೂ ಇದೇ. ಅಲ್ಲಿ ಬಂಡೆ ಗುಡ್ಡದ ಕೆಲಸವನ್ನು ಇನ್ನೂ ಪೂರ್ತಿಯಾಗಿ ಮಾಡುತ್ತದೆ.

ಘಟ್ಟದಲ್ಲಿ ಕರೆ ಕಡಿಯುವುದನ್ನು ನಾನು ತೊಂದರೆ ಎಂದೇ ಎಣಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಕರೆ ಕಡಿಯಿತೆಂದು ಮತ್ತೆ ಹಚ್ಚಲು ಪರದೆಯ ಕಡೆ ಎರಡು ಸೆಕೆಂಡು ಕಣ್ಣು ಹಾಯಿಸಿದರೆ ಸುಮಾರು ಎರಡು ಬಸ್ಸಿನ ಉದ್ದದಷ್ಟು ದಾರಿಯನ್ನು ನೋಡದೆ ದಾಟಿರುತ್ತೀರಿ, ದೇವಿಮನೆಯಲ್ಲಿ ಅಷ್ಟರೊಳಗೆ ತಿರುವಿನಿಂದ ಲಾರಿ ಬಂದಿರುತ್ತದೆ. ಕಾನೂನಿನ ಮಾತು ಬೇರೆ: ಮೋಟಾರು ವಾಹನ ಕಾಯ್ದೆಯ 184ನೇ ಕಲಮು 2019ರ ತಿದ್ದುಪಡಿಯ ನಂತರ, ಚಲಾಯಿಸುತ್ತ ಕೈಯಲ್ಲಿ ಹಿಡಿದ ಫೋನ್ ಬಳಸುವುದನ್ನು ಅಪಾಯಕಾರಿ ಚಾಲನೆ ಎಂದು ಪರಿಗಣಿಸುತ್ತದೆ, ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ 6 ತಿಂಗಳಿನಿಂದ 1 ವರ್ಷದವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. 2020ರ ಅಕ್ಟೋಬರಿನಿಂದ ನಿಯಮಗಳು ದಾರಿ ನೋಡಲು ಮಾತ್ರ, ಗಮನ ತಪ್ಪದಂತೆ, ಕೈಯಲ್ಲಿ ಹಿಡಿದ ಫೋನ್ ಬಳಸಲು ಅವಕಾಶ ಕೊಡುತ್ತವೆ. ಹ್ಯಾಂಡ್ಸ್‌ಫ್ರೀಯಲ್ಲಿ ಕೈ ಬಿಡುವಾಗಿರುತ್ತದೆ, ನಿಜ. ಗಮನ ಬಿಡುವಾಗಿರುವುದಿಲ್ಲ. ಇಳಿಯುವ ಮೊದಲು ರಾಗಿಹೊಸಳ್ಳಿಯಲ್ಲೇ ಬದಿಗೆ ನಿಲ್ಲಿಸಿ, ‘ಘಟ್ಟ ಇಳೀತಾ ಇದ್ದೇನೆ, ಕತಗಾಲಕ್ಕೆ ಮುಟ್ಟಿ ಮಾಡ್ತೇನೆ’ ಎಂದು ಹೇಳಿಬಿಡುವುದು ನನ್ನ ರೂಢಿ.

ಮೈಕ್ ಸರಿಪಡಿಸಲು ಅಂಗಡಿಗೆ ಹೋದಾಗ, ಹೊರಗಿನಿಂದ ಹಾಕಿಸಿದ ಟಚ್ ಸ್ಕ್ರೀನ್ ನಿಮ್ಮದಾಗಿದ್ದರೆ, ‘ಓಡುತ್ತಿರುವಾಗಲೂ ವಿಡಿಯೊ ಬರುವಂತೆ ಮಾಡಿಕೊಡೋಣವೇ?’ ಎಂಬ ಮಾತೂ ಬರಬಹುದು. ಹ್ಯಾಂಡ್ ಬ್ರೇಕ್ ಎಳೆದಿದ್ದಾಗ ಮಾತ್ರ ವಿಡಿಯೊ ತೋರಿಸಲೆಂದು ಆ ಸ್ಟೀರಿಯೊದಲ್ಲಿ ಒಂದು ವೈರ್ ಇಟ್ಟಿರುತ್ತಾರೆ. ಅದನ್ನು ಬ್ರೇಕಿಗೆ ಜೋಡಿಸದೆ ನೇರವಾಗಿ ಕಾರಿನ ಲೋಹಕ್ಕೆ ಕಟ್ಟಿಬಿಟ್ಟರೆ ಬ್ರೇಕ್ ಸದಾ ಎಳೆದೇ ಇದೆ ಎಂದು ಸ್ಟೀರಿಯೊ ಭಾವಿಸುತ್ತದೆ. ಬೇಡ ಎಂದು ಸ್ಪಷ್ಟವಾಗಿ ಹೇಳಿ, ಮೊದಲೇ ಹಾಗೆ ಕಟ್ಟಿದ್ದರೆ ಬಿಚ್ಚಿಸಿ ಬ್ರೇಕಿಗೆ ಕೊಡಿಸಿ.

ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಸಿಗ್ನಲ್ ಚೆನ್ನಾಗಿರುವ ಕಡೆ, ಮನೆಯ ಅಂಗಳದಲ್ಲೇ, ಎಂಜಿನ್ ಬಂದ್ ಮಾಡಿ ಕಾರಿನಿಂದ ಮನೆಯೊಳಗಿನವರಿಗೆ ಕರೆ ಮಾಡಿ. ಮಾತು ಸ್ಪಷ್ಟವಾಗಿ ಮುಟ್ಟಿದರೆ ಕರೆ ಇಡದೆಯೇ ಎಂಜಿನ್ ಚಾಲೂ ಮಾಡಿ, ಆಮೇಲೆ ಫ್ಯಾನನ್ನು ಗಾಜಿಗೆ ತಿರುಗಿಸಿ ಜೋರು ಮಾಡಿ. ಎಲ್ಲಿ ಕೆಡಲು ಶುರುವಾಯಿತು ಎಂದು ಒಳಗಿನವರೇ ಹೇಳುತ್ತಾರೆ. ಎಂಜಿನ್ ಬಂದ್ ಇದ್ದಾಗಲೇ ಅಸ್ಪಷ್ಟವಾಗಿದ್ದರೆ, ಕರೆಯ ನಡುವೆ ಫೋನಿನ ಪರದೆಯಲ್ಲಿ ಧ್ವನಿಯನ್ನು ಬ್ಲೂಟೂತಿನಿಂದ ಫೋನಿಗೆ ಬದಲಾಯಿಸಿ. ಆಗ ಸರಿಯಾದರೆ ಫೋನೂ ಟವರೂ ಸರಿ ಇವೆ. ಉಳಿಯುವುದು ಕಾರಿನ ಮೈಕ್ ಮತ್ತು ಬ್ಲೂಟೂತ್ ಜೋಡಣೆ. ಮನೆಯಲ್ಲಿರುವ ಇನ್ನೊಂದು ಫೋನನ್ನು ಕಾರಿಗೆ ಜೋಡಿಸಿ ಇದೇ ಪರೀಕ್ಷೆ ಮಾಡಿ. ಅದರಲ್ಲೂ ಹಾಗೆಯೇ ಆದರೆ ಮೈಕನ್ನು ಬದಲಾಯಿಸಿ, ಇಡೀ ಸಿಸ್ಟಂ ಅಲ್ಲ. ಹೊರಗಿನಿಂದ ಹಾಕಿಸಿದ ಸ್ಟೀರಿಯೊಗೆ ಹೊಸ ಮೈಕ್ ಬೇರೆಯಾಗಿಯೇ ಸಿಗುತ್ತದೆ, ಕಂಪನಿಯದ್ದಾದರೆ ಮೇಲಿನ ದೀಪದ ಪೆಟ್ಟಿಗೆ ಬಿಚ್ಚಿ ಮೈಕನ್ನೂ ಅದರ ಕನೆಕ್ಟರನ್ನೂ ಪರೀಕ್ಷಿಸಲು ಸರ್ವಿಸ್ ಸೆಂಟರಿನಲ್ಲಿ ಕೇಳಿ. ಕರಾವಳಿಯ ಉಪ್ಪು ಗಾಳಿಯಲ್ಲಿ ಆಗಾಗ ಓಡಾಡುವ ಕಾರಿನ ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದಿರಬಹುದು. ಅಷ್ಟನ್ನು ಶುಚಿ ಮಾಡಿಸಿದರೂ ಕೆಲವೊಮ್ಮೆ ಮಾತು ಮರಳಿ ಬರುತ್ತದೆ.