18 ಮೈಲಿ ಸರಿ, ಆದರೆ ಯಾವ ಕಡೆಯಿಂದ?

ಏಪ್ರಿಲ್ ಬಂತು ಅಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ. ‘ಆ್ಯಪ್‌ನಲ್ಲಿ ಗಾಳಿ ಗಂಟೆಗೆ 18 ಮೈಲಿ ಅಂತಿದೆ. ಶಾಮಿಯಾನ ಹಾಕಬಹುದಲ್ವಾ?’ ಯಾವ ಕಡೆಯ ಗಾಳಿ ಅಂತ ಕೇಳುತ್ತೇನೆ. ಉತ್ತರ ಬರುವುದಿಲ್ಲ. ಸಂಖ್ಯೆಯ ಪಕ್ಕದಲ್ಲೇ ದಿಕ್ಕು ಇರುತ್ತದೆ, ಯಾರೂ ನೋಡಿರುವುದಿಲ್ಲ.

ನಾನು ಹವಾಮಾನ ಸಲಹೆ ಕೊಡುವುದು ಇಂಗ್ಲೆಂಡಿನ ಕಂಬ್ರಿಯಾದ ಈಡನ್ ಕಣಿವೆಯ ಹಳ್ಳಿಗಳಿಗೆ. ಡಫ್ಟನ್, ಮಿಲ್ಬರ್ನ್, ಕರ್ಕ್‌ಲ್ಯಾಂಡ್. ಬೆನ್ನಿಗೇ ಪೆನ್ನೈನ್ ಬೆಟ್ಟಸಾಲು. ಅದರಲ್ಲಿ ಎಲ್ಲಕ್ಕಿಂತ ಎತ್ತರದ ಕ್ರಾಸ್ ಫೆಲ್ 893 ಮೀಟರ್. ಇಲ್ಲಿ ನೈಋತ್ಯದ 18 ಮೈಲಿ ಬೇರೆ, ಈಶಾನ್ಯದ 18 ಮೈಲಿ ಬೇರೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಈಶಾನ್ಯ ಗಾಳಿ ಅಂದರೆ ಈಶಾನ್ಯದಿಂದ ಬರುವ ಗಾಳಿ, ಆ ಕಡೆಗೆ ಹೋಗುವುದಲ್ಲ. ನಮ್ಮ ನೈಋತ್ಯ ಮುಂಗಾರು ನೈಋತ್ಯದಿಂದ ಬರುತ್ತದಲ್ಲ, ಹಾಗೆ. ಎಷ್ಟೋ ಆ್ಯಪ್‌ಗಳಲ್ಲಿ ಬಾಣದ ಮೊನೆ ಗಾಳಿ ಹೋಗುವ ಕಡೆಗಿರುತ್ತದೆ, NE (ಈಶಾನ್ಯ) ಥರದ ಅಕ್ಷರ ಮಾತ್ರ ಬರುವ ಕಡೆ ಹೇಳುತ್ತದೆ. ಗೊಂದಲವಾದರೆ ಅಕ್ಷರ ನೋಡಿ.

ಈಶಾನ್ಯದ ಗಾಳಿ ಬೆಟ್ಟದ ಆಚೆಯ ಇಳಿಜಾರನ್ನು ನಿಧಾನವಾಗಿ ಹತ್ತುತ್ತದೆ. ಈಚೆ ಬದಿ, ಅಂದರೆ ನಮ್ಮ ಹಳ್ಳಿಗಳ ಕಡೆ, ಬೆಟ್ಟ ಕಡಿದಾಗಿದೆ. ಮೇಲೆ ಬೆಚ್ಚಗಿನ ಗಾಳಿಯ ಪದರ ಮುಚ್ಚಳದಂತೆ ಕೂತಿದ್ದರೆ ಈ ತಣ್ಣನೆಯ ಗಾಳಿಗೆ ಮೇಲೇಳಲು ದಾರಿಯಿಲ್ಲ. ಒಡ್ಡಿನ ಮೇಲಿಂದ ಧುಮುಕುವ ನೀರಿನಂತೆ ಹಳ್ಳಿಯ ಮೇಲೆ ಸುರಿಯುತ್ತದೆ. ಇದೇ ಹೆಲ್ಮ್ ಗಾಳಿ. ಬ್ರಿಟನ್ನಿನಲ್ಲಿ ಸ್ವಂತ ಹೆಸರಿರುವ ಗಾಳಿ ಇದೊಂದೇ ಅನ್ನುತ್ತಾರೆ. 1930ರ ದಶಕದಲ್ಲಿ ಹವಾಮಾನ ವಿಜ್ಞಾನಿ ಗಾರ್ಡನ್ ಮ್ಯಾನ್ಲಿ ಪಕ್ಕದ ಗ್ರೇಟ್ ಡನ್ ಫೆಲ್ ಮೇಲೆ ಉಪಕರಣ ಇಟ್ಟು ಇದನ್ನು ಅಧ್ಯಯನ ಮಾಡಿದರು. ಆ ಚಳಿಯಲ್ಲಿ ಅಲ್ಲಿಗೆ ಹತ್ತಿ ಹೋಗುತ್ತಿದ್ದವರ ಮೇಲೆ ನನಗೆ ತುಂಬ ಗೌರವ.

ಈಶಾನ್ಯ ಅಂತ ಕಂಡ ಕೂಡಲೇ ಹೆದರಬೇಕಿಲ್ಲ. ಮೇಲಿನ ಮುಚ್ಚಳ ಇಲ್ಲದಿದ್ದರೆ ಹೆಲ್ಮ್ ಏಳದಿರಬಹುದು. ಆದರೆ ಈಶಾನ್ಯ ಗಾಳಿಯ ದಿನ ಬರೀ 18 ನಂಬಿ ಕೂರಬೇಡಿ. ಅದು ಸರಾಸರಿ, ಅದೂ ನೆಲದಿಂದ 10 ಮೀಟರ್ ಎತ್ತರದ ಲೆಕ್ಕ. ಬ್ರಿಟನ್ನಿನ ಹವಾಮಾನ ಇಲಾಖೆಯ ಸೂಕ್ಷ್ಮ ಕಂಪ್ಯೂಟರ್ ಮಾದರಿ ಕೂಡ ನೆಲವನ್ನು 1.5 ಕಿಲೋಮೀಟರ್ ಚೌಕಗಳಾಗಿ ನೋಡುತ್ತದೆ. ನಿಮ್ಮ ಮನೆ ಹಿಂದಿನ ಹೊಲ ಅದಕ್ಕೆ ಬೇರೆಯಾಗಿ ಕಾಣುವುದಿಲ್ಲ. ಗಸ್ಟ್ ಅಂತ ಇನ್ನೊಂದು ಸಂಖ್ಯೆ ಇರುತ್ತದೆ, ಅಂದರೆ ಒಮ್ಮೆಲೇ ನುಗ್ಗುವ ಬೀಸು. ಗೂಟ ಕೀಳುವುದು ಅದು. ವೇಗ 18ರಿಂದ 36ಕ್ಕೆ ಹೋದರೆ ಬಟ್ಟೆಯ ಮೇಲಿನ ಒತ್ತಡ ನಾಲ್ಕು ಪಟ್ಟು.

ಒಂದು ಮದುವೆ ನೆನಪಾಗುತ್ತದೆ. ಹಿಂದಿನ ಸಂಜೆ ಎಲೆಯೂ ಅಲುಗುತ್ತಿರಲಿಲ್ಲ. ಬೆಳಿಗ್ಗೆ ಬೆಟ್ಟದ ನೆತ್ತಿಯುದ್ದಕ್ಕೂ ಬಿಳಿ ಮೋಡ ಟೋಪಿ ಹಾಕಿದಂತೆ ಕೂತಿತ್ತು. ಹೆಲ್ಮ್ ಅನ್ನುವ ಹೆಸರು ಬಂದದ್ದೇ ಆ ಟೋಪಿಯಿಂದ. ಪಕ್ಕದ ಕುರಿ ಸಾಕುವ ಹಿರಿಯರು ಬಂದು, ಹೆಲ್ಮ್ ಎದ್ದಿದೆ, ಶಾಮಿಯಾನ ಬಿಚ್ಚಿ ಅಂದರು. ಮನೆಯವರು ಫೋನು ತೋರಿಸಿದರು. ನನಗೂ ಫೋನು ಮಾಡಿದರು. ನಾನೂ ಬಿಚ್ಚಿ ಅಂದೆ. ‘18 ತಾನೇ ಇರೋದು?’ ಅಂತ ಮೂರು ಸಲ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಒಂದು ಬದಿಯ ಗೂಟಗಳೆಲ್ಲ ಕಿತ್ತು ಬಂದವು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಮದುಮಗಳ ತಾಯಿ ಅತ್ತರು. ಪಾಪ, ಒಂದು ವರ್ಷದಿಂದ ಎಲ್ಲ ಜೋಡಿಸಿದ್ದರು.

ಈಡನ್ ನದಿಯ ಆಚೆಯಿಂದ ಬಂದ ನೆಂಟರಿಗೆ ಇದನ್ನು ನಂಬುವುದೇ ಕಷ್ಟವಾಯಿತು. ಹೆಲ್ಮ್ ಸಾಮಾನ್ಯವಾಗಿ ಆ ನದಿ ದಾಟುವುದಿಲ್ಲ. ಅವರು ಹೊರಟಾಗ ಅಲ್ಲಿ ಒಗೆದು ಹಾಕಿದ ಬಟ್ಟೆಯೂ ಹಾರುತ್ತಿರಲಿಲ್ಲವಂತೆ. ಊಟ ಕೊನೆಗೆ ಆ ಹಿರಿಯರ ಕುರಿ ಕೊಟ್ಟಿಗೆಯಲ್ಲಾಯಿತು. ಮರಿಗಳನ್ನು ಒಂದು ಮೂಲೆಗೆ ಕಟ್ಟಿ ಅವರೇ ಜಾಗ ಮಾಡಿಕೊಟ್ಟರು.