ಓಮ್ನಿಯಲ್ಲಿ ಪೆಟ್ರೋಲ್ ವಾಸನೆ: ಹನಿ ಹುಡುಕಬೇಡಿ, ಹೊತ್ತು ನೋಡಿ

‘ಹಳೇ ಗಾಡಿ ಅಂದ್ರ ಪೆಟ್ರೋಲ್ ವಾಸನಿ ಇರೋದ’ ಎಂಬ ಮಾತು ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಸಲೀಸಾಗಿ ಓಡುತ್ತದೆ. ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಕಾಲದ ಮಾರುತಿ ಓಮ್ನಿ ವ್ಯಾನಿನ ಹಿಂದಿನ ಸೀಟು ಕಿತ್ತು, ಪ್ಲೈವುಡ್ ಮಂಚ ಕೂಡಿಸಿ, ದಾಂಡೇಲಿ ಕಡೆ ಹೋಗಿ ರಾತ್ರಿ ಅದರಲ್ಲೇ ಮಲಗುವವರು ಈ ಮಾತು ನಂಬಬಾರದು. ಓಮ್ನಿಯ 796 ಸಿಸಿ ಎಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ. ಅಲ್ಲಿ ಪೈಪು ಜಿನುಗಿದರೆ ಹಬೆ ಸೀಟಿನ ಸಂದಿಯಿಂದ ನೇರ ಒಳಗೇ ಬರುತ್ತದೆ. ಒಳಗೆ ಸ್ಟೋವ್ ಹಚ್ಚುವವರಿದ್ದರೆ ಕೇಳುವುದೇ ಬೇಡ.

ಟಾರ್ಚ್ ಹಿಡಿದು ಗಾಡಿ ಕೆಳಗೆ ನುಸುಳುವ ಮುಂಚೆ ವಾಸನೆ ಯಾವ ಹೊತ್ತಿಗೆ ಬರುತ್ತದೆ ಎಂಬುದನ್ನು ನಾಲ್ಕು ದಿನ ಗಮನಿಸಿ. ಫುಲ್ ಟ್ಯಾಂಕ್ ಮಾಡಿಸಿದ ದಿನ, ತಿರುವಿನಲ್ಲಿ ಮಾತ್ರ ಬಂದರೆ ಟ್ಯಾಂಕಿಗೆ ಪೆಟ್ರೋಲ್ ಇಳಿಯುವ ದಪ್ಪ ರಬ್ಬರ್ ಪೈಪು, ಅದರ ಪಕ್ಕದ ಸಣ್ಣ ಗಾಳಿ ಪೈಪು, ಇಲ್ಲವೇ ಟ್ಯಾಂಕಿನ ಮೇಲಿನ, ಪೆಟ್ರೋಲ್ ಮಟ್ಟ ತಿಳಿಸುವ ಗೇಜ್ ಯೂನಿಟ್‌ನ ಪ್ಯಾಕಿಂಗು ಕಾರಣ. ಏಪ್ರಿಲ್ ಬಿಸಿಲಲ್ಲಿ ಗದಗದಿಂದ ಓಡಿಸಿಕೊಂಡು ಬಂದು ನಿಲ್ಲಿಸಿದ ಹತ್ತು ನಿಮಿಷಕ್ಕೆ ಬಂದರೆ ಕಾರ್ಬುರೇಟರ್ ಬೌಲಿನಲ್ಲಿ, ಅಂದರೆ ಅದರೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲಿ, ಪೆಟ್ರೋಲ್ ಕುದಿಯುತ್ತಿದೆ, ಬೌಲಿನ ಗಾಳಿ ಪೈಪು ಕಳಚಿದೆ ಅಥವಾ ಸೀಳಿದೆ. ಎಂಜಿನ್ ಓಡುವಾಗ ಮಾತ್ರ ಬಂದರೆ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನಿಂದ ಕಾರ್ಬುರೇಟರ್‌ವರೆಗಿನ ಪೈಪು ನೋಡಿ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪು ಮೋಸಗಾರ: ಪಂಪು ಅದನ್ನು ಹೀರುತ್ತಿರುವುದರಿಂದ ಸೀಳಿದ್ದರೂ ಹೊರಗೆ ಹನಿಯುವುದಿಲ್ಲ, ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಏರಿನಲ್ಲಿ ಗಾಡಿ ಜಗ್ಗುತ್ತದೆ, ಕಾರಣ ತಿಳಿಯದೆ ಜನ ಸ್ಪಾರ್ಕ್ ಪ್ಲಗ್ ಬದಲಿಸುತ್ತಾರೆ.

ಗ್ಯಾಸ್ ಕಿಟ್ ಇರುವ ಗಾಡಿಯಲ್ಲಿ ಕೊಳೆತ ಎಲೆಕೋಸಿನಂಥ ನಾತ ಬಂದರೆ ಅದು ಎಲ್‌ಪಿಜಿ. ಸಿಲಿಂಡರ್ ವಾಲ್ವ್ ಮುಚ್ಚಿ, ಬಾಗಿಲು ತೆರೆದು ದೂರ ಸರಿಯಿರಿ. ಇಗ್ನಿಷನ್ ಕೀ ತಿರುಗಿಸಬೇಡಿ.

ಇನ್ನು ಡಿಪ್‌ಸ್ಟಿಕ್, ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ. ಎಳೆದು ಮೂಸಿ ನೋಡಿ. ಆಯಿಲ್ ಪೆಟ್ರೋಲ್ ನಾರಿ, ಮಟ್ಟ ಗುರುತಿಗಿಂತ ಮೇಲೇರಿದ್ದರೆ ಮೆಕ್ಯಾನಿಕಲ್ ಪಂಪಿನೊಳಗಿನ ಪೊರೆ (ಡಯಾಫ್ರಾಮ್) ಹರಿದಿರಬಹುದು, ಇಲ್ಲವೇ ಕಾರ್ಬುರೇಟರಿಗೆ ಪೆಟ್ರೋಲ್ ಬರುವುದನ್ನು ತಡೆಯುವ ನೀಡಲ್ ಸರಿಯಾಗಿ ಕೂರದೆ ತುಂಬಿ ಹರಿಯುತ್ತಿರಬಹುದು. ಅದನ್ನು ಸರಿಪಡಿಸಿ ಆಯಿಲ್ ಬದಲಿಸುವ ತನಕ ಎಂಜಿನ್ ಚಾಲೂ ಮಾಡಬಾರದು. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ.

ಎಲ್ಲೂ ಒಂದು ಹನಿ ಇಲ್ಲ, ಆದರೂ ವಾಸನೆ ಇದೆ ಎನ್ನುವವರೇ ಹೆಚ್ಚು. ಪೆಟ್ರೋಲ್ ಬದಲಾಗಿದೆ. 2023ರ ಫೆಬ್ರುವರಿಯಲ್ಲಿ ಇ20 ಬಿಡುಗಡೆಯಾಯಿತು, ಅಂದರೆ 20% ಎಥನಾಲ್. ಹಳೆಯ ಕಾಲದ ರಬ್ಬರ್ ಇದಕ್ಕೆ ಮಾಡಿದ್ದಲ್ಲ. ಎಥನಾಲ್ ರಬ್ಬರನ್ನು ಬಾತುಕೊಳ್ಳುವಂತೆ ಮಾಡಿ, ಅದನ್ನು ಮೆತ್ತಗಿಡುವ ಅಂಶ ತೊಳೆದು ಹಾಕುತ್ತದೆ. ಆಮೇಲೆ ಪೈಪು ಒಣಗಿದ್ದರೂ ಅದರ ಗೋಡೆಯ ಮೂಲಕವೇ ಹಬೆ ಹೊರಗೆ ಬರುತ್ತದೆ. ಹಳೆ ಪೈಪು ಬಿಚ್ಚಿ ಉಲ್ಟಾ ‘ಯು’ ಆಕಾರಕ್ಕೆ ಬಗ್ಗಿಸಿ: ಬೆನ್ನ ಮೇಲೆ ಕೂದಲೆಳೆಯ ಬಿರುಕು ಕಂಡರೆ ಮುಗಿಯಿತು. ಹಿಸುಕಿದರೆ ಕಟ್ಟಿಗೆಯಂತೆ ಗಟ್ಟಿ, ಅಥವಾ ಅಗಿದ ಚ್ಯೂಯಿಂಗ್ ಗಮ್‌ನಂತೆ ಅಂಟು, ಎರಡೂ ಕೆಟ್ಟವೇ. ಮೇಲೆ ಬಟ್ಟೆ ಹೆಣೆದ ಪೈಪಿನಲ್ಲಿ ಇದೇನೂ ಕಾಣುವುದಿಲ್ಲ, ಅದನ್ನು ಉದ್ದಕ್ಕೆ ಸೀಳಿ ಒಳಗೆ ನೋಡಿ. ಫಿಲ್ಟರ್‌ನಲ್ಲಿ ಕರಿ ಪುಡಿ ಕೂತಿದ್ದರೆ ಒಳಪದರ ಉದುರುತ್ತಿದೆ.

ಒಂದೇ ಪೈಪು ಬದಲಿಸಿದರೆ ಸಾಲದು. ಎಲ್ಲಕ್ಕೂ ಒಂದೇ ವಯಸ್ಸು. ಪೂರೈಕೆ, ರಿಟರ್ನ್, ಹಬೆ ಪೈಪುಗಳು, ಟ್ಯಾಂಕಿನ ದಪ್ಪ ಪೈಪು, ಇನ್‌ಲೈನ್ ಫಿಲ್ಟರ್ ಒಟ್ಟಿಗೇ ಹೋಗಬೇಕು. ಲೋಹದ ನಳಿಕೆಯ ಹೊರವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದು ತೆಗೆದುಕೊಂಡು ಹೋಗಿ, ಹಳೆ ತುಂಡು ತೋರಿಸಿ ಕೊಳ್ಳಬೇಡಿ. ಬಾತಿದ ರಬ್ಬರಿನ ಅಳತೆ ಸುಳ್ಳು ಹೇಳುತ್ತದೆ. ಪೈಪಿನ ಮೇಲೆ ‘ಎಸ್‌ಎಇ ಜೆ30 ಆರ್9’ ಎಂಬ ಅಚ್ಚು ಇರಲಿ, ಅದು ಇಂಧನ ಪೈಪಿನ ದರ್ಜೆಯ ಗುರುತು. ಕಾರ್ಬುರೇಟರ್ ಗಾಡಿಯ ಒತ್ತಡ ಅತ್ಯಲ್ಪ, ಅದಕ್ಕೆ ಸಾದಾ ದರ್ಜೆಯ ಆರ್7 ಸಾಕು. ಆರ್9 ಬೇಕಿರುವುದು ಒತ್ತಡಕ್ಕಲ್ಲ, ಹಬೆ ತಡೆಯುವ ಅದರ ಫ್ಲೋರೋ ಒಳಪದರಕ್ಕೆ. ಸ್ವಲ್ಪ ಪೆಡಸು, ಚಿಕ್ಕ ತಿರುವಿನಲ್ಲಿ ಮಡಚಿಕೊಳ್ಳುತ್ತದೆ, ತಿರುವು ದೊಡ್ಡದಿಡಿ. ಪಾರದರ್ಶಕ ಪ್ಲಾಸ್ಟಿಕ್ ನಳಿಕೆ ವರ್ಷದೊಳಗೆ ಹಳದಿಯಾಗಿ ಒಡೆಯುತ್ತದೆ. ಸಿಲಿಕೋನ್ ಪೈಪು ರೇಡಿಯೇಟರಿಗೆ ಚೆನ್ನ, ಪೆಟ್ರೋಲಿಗೆ ಜರಡಿ. ಅಂಗಡಿಯಾತ ಏನೇ ಹೇಳಲಿ.

ಕೆಲಸ ಬಯಲಲ್ಲಿ, ಎಂಜಿನ್ ತಣ್ಣಗಿದ್ದಾಗ, ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇದ್ದಾಗ. ಗ್ಯಾರೇಜಿನ ಗುಂಡಿಯ ಮೇಲೆ ಬೇಡ: ಪೆಟ್ರೋಲ್ ಹಬೆ ಗಾಳಿಗಿಂತ ಭಾರ, ಗುಂಡಿಯಲ್ಲಿ ಕೂಡುತ್ತದೆ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಬೆಂಕಿ ಆರಿಸುವ 2 ಕೆಜಿ ಡ್ರೈ ಪೌಡರ್ ಸಿಲಿಂಡರ್ ಕೈಗೆಟುಕುವಂತಿರಲಿ. ಪೈಪನ್ನು ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ನಳಿಕೆಯ ಉಬ್ಬು ದಾಟಿ ಸುಮಾರು 25 ಮಿ.ಮೀ. ಏರಿಸಿ, ಕ್ಲಿಪ್ಪನ್ನು ಉಬ್ಬಿನ ಆಚೆ ಕೂಡಿಸಿ. ತೂತು ತೂತಿನ ಸ್ಕ್ರೂ ಕ್ಲಿಪ್ ಸಣ್ಣ ಪೈಪನ್ನು ಗುಂಡಗೆ ಹಿಡಿಯುವುದಿಲ್ಲ, ರಬ್ಬರ್ ಕೊಯ್ಯುತ್ತದೆ. ಅಂಚು ಮಡಿಚಿದ ಇಂಜೆಕ್ಷನ್ ಕ್ಲಿಪ್ ತನ್ನಿ. ಎಂ-ಸೀಲ್, ಟೆಫ್ಲಾನ್ ಟೇಪ್ ಇಲ್ಲಿ ಬೇಡ.

ಮಂಚ ಕೂಡಿಸಿದ ಬಡಗಿಯ ಸ್ಕ್ರೂಗಳನ್ನೂ ಕೆಳಗಿನಿಂದ ನೋಡಿ. ನೆಲ ಕೊರೆದ 40 ಮಿ.ಮೀ. ಸ್ಕ್ರೂ ಪೆಟ್ರೋಲ್ ನಳಿಕೆಗೆ ತಾಗುತ್ತಿರಬಹುದು, ಮಂಚದ ಕಾಲು ಗಾಳಿ ಪೈಪನ್ನು ಒತ್ತಿ ಹಿಡಿದಿರಬಹುದು. ಗಾಳಿ ಹೋಗಲು ದಾರಿ ಇರದಿದ್ದರೆ ಟ್ಯಾಂಕಿನ ಮುಚ್ಚಳ ತೆರೆದಾಗ ಸುಯ್ ಎಂದು ಸದ್ದು ಬರುತ್ತದೆ.

ಎಲ್ಲ ಜೋಡಿಸಿ ಚಾಲೂ ಮಾಡಿ 10 ನಿಮಿಷ ಬಿಡಿ. ಪ್ರತಿ ಜಾಯಿಂಟನ್ನೂ ಒಣ ಟಿಶ್ಯೂನಿಂದ ಒರೆಸಿ ಮೂಸಿ. ರಾತ್ರಿ ಕೆಳಗೆ ಹಳೆ ಪೇಪರ್ ಹಾಸಿ ಬೆಳಿಗ್ಗೆ ನೋಡಿ. 100 ಕಿಲೋಮೀಟರ್ ಆದ ಮೇಲೆ ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಹಾಕಿದ ತಿಂಗಳು, ವರ್ಷವನ್ನು ಬಿಳಿ ಪೇಂಟಿನಲ್ಲಿ ಪೈಪಿನ ಮೇಲೇ ಬರೆದಿಡಿ.